ಇದ್ದಿಲು, ಕಬ್ಬಿಣ

ಸೊಹಾರಿನ ಕಡಲು ಈ ವಾರ
ಒಲೆಯ ಮೇಲೆ ಮರೆತ ಚಹಾದ ಬಣ್ಣ.
ಪಾಚಿ ಹೆಚ್ಚಿ, ಸತ್ತು, ಕರಗಿ
ನಮ್ಮ ಸ್ಥಾವರದ ಬಾಯಿಗೇ ಬಂದು ನಿಂತಿದೆ.
ಉಪ್ಪು ಸೋಸುವ ಪೊರೆಗಳು ಕಟ್ಟಿಕೊಂಡು
ಪಂಪುಗಳು ರಾತ್ರಿಯಿಡೀ ಕೆಮ್ಮಿದವು.
ಕ್ಯಾನಿನಲ್ಲಿ ನೀರು ತಂದಿಟ್ಟ ದಿಲ್‌ಮುರಾದ್
ಮೂಗು ಮುರಿದ: "ನಾಪಾಕ್."

ಮೈಲಿಗೆ, ಅಂದುಕೊಂಡೆ ನಾನು.
ಇರಲಿ, ಕೊಡು ಇಲ್ಲಿ.
ಊರ ಮೈಲಿಗೆ ಗಂಟು ಕಟ್ಟಿ ಹೊತ್ತವರ ಮನೆಯವಳು,
ನನಗಿದು ಹೊಸ ಕೆಲಸವಲ್ಲ.

ರಂಜಾನಿನ ಸಂಜೆಗಳಲ್ಲಿ
ಮೆಸ್ಸಿನ ಬಾಗಿಲಿಗೆ ಬಕೆಟ್ಟು ಹಿಡಿದು ನಿಂತಿದ್ದೆ.
ಖರ್ಜೂರದ ಬೀಜ ಎಸೆಯಬೇಡಿ, ಇದರಲ್ಲಿ ಹಾಕಿ.
ನಕ್ಕರು. ಹಾಕಿದರು.
ನೇಪಾಳದವರು ಚೀಪಿದ್ದು, ಸಿಲ್ಹೆಟ್ಟಿನವರು ಚೀಪಿದ್ದು,
ಶಂಸಾ ಮೇಡಂ ಟಿಶ್ಯೂನಲ್ಲಿ ಸುತ್ತಿ ಕೊಟ್ಟದ್ದು,
ಎಲ್ಲ ಒಂದೇ ಕುಲುಮೆಯಲ್ಲಿ
ಗಾಳಿ ಸೋಕದೆ ಕರಕಲಾಯಿತು.
ಕಣದ ತುಂಬ ತೂತು, ತೂತಿನೊಳಗೆ ತೂತು;
ಒಂದು ಚಮಚದ ಒಳಮೈ ಬಿಡಿಸಿ ಹಾಸಿದರೆ
ಅರ್ಧ ಎಕರೆ ಮುಚ್ಚೀತು.
ಅದಕ್ಕೆ ಕಬ್ಬಿಣದ ಉಪ್ಪು ಕುಡಿಸಿ, ಕ್ಷಾರ ಹನಿಸಿ,
ತೊಳೆದು ಒಣಗಿಸಿ ಪುಡಿಮಾಡಿದೆ.

ಇವತ್ತು ಆ ಪುಡಿ ಈ ನೀರಿಗೆ.
ಒಂದು ತಾಸು ಕಲಕಿದೆ. ಶಾಯಿಯಂತಾಯಿತು.
"ಇದ್ದದ್ದನ್ನೂ ಕೆಡಿಸಿದೆಯಲ್ಲ" ಎಂದ ದಿಲ್‌ಮುರಾದ್.
ಮಾತಾಡದೆ, ಕೆಟ್ಟುಹೋದ ಸ್ಪೀಕರಿನಿಂದ ಕಿತ್ತಿದ್ದ ಅಯಸ್ಕಾಂತವನ್ನು
ಬೀಕರಿನ ಪಕ್ಕಕ್ಕಿಟ್ಟೆ.

ಕಪ್ಪು ಸರಿಯಿತು. ಯಾರೋ ಕರೆದಂತೆ
ಸರಿದು ಸರಿದು
ಗಾಜಿನ ಒಂದೇ ಕೆನ್ನೆಗೆ ಗಡ್ಡವಾಗಿ ಅಂಟಿತು.
ಉಳಿದದ್ದು ನೀರು. ಆಚೆ ಗೋಡೆಯ ಕ್ಯಾಲೆಂಡರಿನಲ್ಲಿ
ಅರಬ್ಬೀ ತಾರೀಖುಗಳು ನೆಟ್ಟಗೆ ಕಂಡವು.
ಅವನು ಬಾಗಿ ಎರಡು ಸಲ ನೋಡಿದ,
ಆಮೇಲೆ ಅಯಸ್ಕಾಂತದ ಹಿಂದೆಯೂ ನೋಡಿದ.

ಹರಿಹರದ ರೈಲ್ವೆ ಗೇಟಿನ ಪಕ್ಕ
ಅಪ್ಪನ ಇಸ್ತ್ರಿ ಗಾಡಿ.
ಪೆಟ್ಟಿಗೆಯ ಮುಚ್ಚಳ ತೆಗೆದು ಊದುತ್ತಿದ್ದ,
ಮುಖ ಪಕ್ಕಕ್ಕೆ ತಿರುಗಿಸಿ, ಕಿಡಿ ಹಾರೀತೆಂದು:
ಅಂಗಿ ನಮ್ಮದಲ್ಲ.
ಅಲ್ಲಿ ಕಬ್ಬಿಣದೊಳಗೆ ಇದ್ದಿಲು,
ಇಲ್ಲಿ ಇದ್ದಿಲೊಳಗೆ ಕಬ್ಬಿಣ.
ಎಮ್ಮೆಸ್ಸಿ ಮಾಡಿ ನಾ ಕಲಿತದ್ದು
ಒಳಗಿನದನ್ನು ಹೊರಗೆ ಮಾಡುವುದು, ಅಷ್ಟೆ.
"ಕಲೇನ ಬೈದ್ರೆ ಹೋಗಲ್ಲವ್ವ," ಅಂತಿದ್ದ,
"ಅದಕ್ಕೆ ಕೂರಾಕೆ ಬೇರೆ ಜಾಗ ತೋರಿಸ್ಬೇಕು."

ಯಂತ್ರ ತೋರಿಸಿದ್ದು: ನೂರರಲ್ಲಿ ಎಂಬತ್ತೆಂಟು ಹೋಗಿದೆ.
ಉಳಿದ ಹನ್ನೆರಡು ಯಾವುದಕ್ಕೂ ಅಂಟದ ಸಣ್ಣ ಜಾತಿ,
ಎಷ್ಟು ತೂತಿದ್ದರೂ ತಪ್ಪಿಸಿಕೊಳ್ಳುತ್ತದೆ.
ಪುಡಿಯನ್ನು ತೊಳೆದು ಮತ್ತೆ ಹಾಕಿದರೆ
ಏಳನೇ ಸಲಕ್ಕೆ ಅದಕ್ಕೂ ದಣಿವು.
"ಜಾಡಿಯಲ್ಲಿ ಸರಿ," ಎಂದರು ಶಂಸಾ ಮೇಡಂ,
"ಕಡಲಿಗೆ ಎಷ್ಟು ಬೀಜ ಬೇಕು?"
ಲೆಕ್ಕ ಹಾಕುತ್ತೇನೆ, ಎಂದೆ. ಹಾಕಿಲ್ಲ ಇನ್ನೂ.

ಸಂಜೆ, ಬಿಳಿ ಕೋಟಿನ ಎಡತೋಳಿನಲ್ಲಿ ಕರಿ ಗೆರೆ.
ಲಾಂಡ್ರಿಯ ಚೀಟಿಯಲ್ಲಿ ಬರೆದೆ: ಕಲೆ, ಒಂದು.
ಕೌಂಟರಿನ ಹಿಂದೆ ಹಬೆಯಲ್ಲಿ ನಿಂತವನು
ಯಾವ ಊರವನೋ, ಕೇಳಲಿಲ್ಲ.
ಕೊಡುವ ಮುಂಚೆ, ಸುಮ್ಮನೆ,
ತೋಳಿಗೆ ಅಯಸ್ಕಾಂತ ಹಿಡಿದು ನೋಡಿದೆ.
ಸ್ವಲ್ಪ ಬಂತು.