ಹಾರದ ಬಿಲ್ಲೆ

ಮಂಗಳವಾರ, ಝಾಂಗ್‌ಶುವಿನ ಹಳೇ ಔಷಧಿ ಬೀದಿಯ ಹಿಂದೆ
ಲಿಫ್ಟಿಲ್ಲದ ಐದು ಮಹಡಿ ಹತ್ತುತ್ತೇನೆ.
ಚೀಲದಲ್ಲಿ ಸೂಜಿ, ಬಿ.ಪಿ. ಯಂತ್ರ,
ಮಾಚಿಪತ್ರೆ ಸುತ್ತಿದ ಬತ್ತಿ, ಬೆಂಕಿಪೊಟ್ಟಣ,
ಎರಡು ಬೇರಿನ ಒಂದು ಕಾಗದದ ಕಟ್ಟು.
ಮೂರನೇ ಮಹಡಿಯ ನಾಯಿಗೆ ನನ್ನ ವಾಸನೆ ಗೊತ್ತು,
ಬೊಗಳುವ ಶ್ರಮ ತೆಗೆದುಕೊಳ್ಳುವುದಿಲ್ಲ.

ಶ್ಯೋಂಗ್ ತಿಂಗ್‌ಫು, ಎಂಬತ್ತಮೂರು.
ಬಲಗೈ ಕಳೆದ ಚಳಿಗಾಲದಲ್ಲಿ ಮಲಗಿದ್ದು ಇನ್ನೂ ಎದ್ದಿಲ್ಲ.
ಮಾತು ಅರ್ಧ. ಉಳಿದರ್ಧ ಹುಬ್ಬಿನಲ್ಲಿ.
ಮೀನಖಂಡ ರಾತ್ರಿಹೊತ್ತು ಹಗ್ಗದಂತೆ ಹುರಿಗೊಳ್ಳುತ್ತದೆ;
ಅದಕ್ಕೇ ಬೈಶಾವ್, ಅದಕ್ಕೇ ಜ್ಯೇಷ್ಠಮಧು.

ಅವರ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು
ನಾನು ಕಣ್ಣು ಮುಚ್ಚುತ್ತೇನೆ.
ಅವರು ಎಡಗೈಲಿ ಕಟ್ಟು ಬಿಚ್ಚಿ
ಬೇರಿನ ಒಂದು ಬಿಲ್ಲೆ ಎತ್ತಿ ಬೆಳಕಿಗೆ ಹಿಡಿಯುತ್ತಾರೆ.
ಯಾರು ಯಾರ ನಾಡಿ ನೋಡುತ್ತಿದ್ದಾರೋ.
‘ಮಿಷನ್ನು’ ಅನ್ನುತ್ತಾರೆ, ಪೂರ್ತಿ ಸ್ಪಷ್ಟವಾಗಿ.
ಇಡೀ ವಾರದಲ್ಲಿ ಮುರಿಯದೆ ಬರುವ ಒಂದೇ ಪದ.

ನಲವತ್ತೊಂದು ವರ್ಷ ಕೊಯ್ದ ಕೈ ಅದು.
ಬೇರನ್ನು ರಾತ್ರಿಯಿಡೀ ಒದ್ದೆ ಬಟ್ಟೆಯಲ್ಲಿ ಮಲಗಿಸಿ
ಹೊರಗೆ ಮೆತ್ತಗಾಗಿ, ಒಳಗೆ ಇನ್ನೂ ಮುನಿಸಿರುವಾಗ
ಎಬ್ಬಿಸಬೇಕಂತೆ.
ಹದ ತಪ್ಪಿದರೆ ಕತ್ತಿ ಜಾರುತ್ತದೆ, ಬಿಲ್ಲೆ ಸೀಳುತ್ತದೆ.
ಹದ ಸಿಕ್ಕಿದರೆ, ಅಂಗೈ ಮೇಲಿಟ್ಟು ಊದಿದರೆ ಸಾಕು,
ಬೈಶಾವ್ ಹಾರುತ್ತಿತ್ತು.
ಈ ಊರಲ್ಲಿ ಯಾರನ್ನು ಕೇಳಿದರೂ ಹಾಗೇ ಹೇಳುತ್ತಾರೆ,
ಹಾರಿದ್ದನ್ನು ಕಂಡವರು ಕಡಿಮೆ.
ಯೂಶ್ಯಾನ್ ಅಜ್ಜಿ ಕಂಡಿದ್ದಾರೆ. ಹತ್ತೊಂಬತ್ತರಲ್ಲಿ,
ಅಂಗಡಿಯ ಮುಂದೆ ಹಾದುಹೋಗುವಾಗ,
ಅದು ಹಾರಿ ಬಂದು ಅವರ ಸೋಯಾ ಹಾಲಿನ ಬಟ್ಟಲಿಗೆ ಬಿತ್ತಂತೆ.
‘ಕಹಿ ಇತ್ತು. ಕುಡಿದುಬಿಟ್ಟೆ.’

ಮೊಣಕಾಲ ಕೆಳಗೆ, ಚರ್ಮಕ್ಕೆ ತಾಗದಷ್ಟು ದೂರದಲ್ಲಿ
ಗುಬ್ಬಿ ಕಾಳು ಕುಕ್ಕುವ ಹಾಗೆ ಬತ್ತಿಯ ಕೆಂಡ ಆಡಿಸುತ್ತೇನೆ.
ಹೊಗೆಗೆಂದು ಅಜ್ಜಿ ಕಿಟಕಿ ತೆರೆದರೆ
ಎದುರು ಮನೆಯವರು ಮುಚ್ಚುತ್ತಾರೆ.

ಮೊನ್ನೆ ಅವರು ಕತ್ತಿ ಕೇಳಿದರು.
ಪದ ಬರಲಿಲ್ಲ; ಗಾಳಿಯನ್ನು ಕೊಯ್ದು ತೋರಿಸಿದರು.
ಬೇಡ ಅನ್ನುವುದು ನನ್ನ ಕೆಲಸ. ಬಾಯಿ ತೆರೆಯುವಷ್ಟರಲ್ಲಿ
ಅಜ್ಜಿ ಅಡುಗೆಮನೆಯಿಂದ ತಂದೇಬಿಟ್ಟರು,
ಇಷ್ಟು ವರ್ಷ ಮೂಲಂಗಿ ಹೆಚ್ಚುತ್ತಿದ್ದ ಅದೇ ಕತ್ತಿ,
ಜೊತೆಗೆ ಒದ್ದೆ ಬಟ್ಟೆಯಲ್ಲಿ ಒಂದು ಇಡೀ ಬೇರು.
ಹಿಂದಿನ ರಾತ್ರಿಯೇ ಮಲಗಿಸಿದ್ದರು.

ಬಲಗೈ ಬೇರನ್ನು ಅದುಮಿತು, ಬರೀ ಭಾರದಿಂದ, ಕಲ್ಲಿನ ಹಾಗೆ.
ಎಡಗೈ ಈ ಕೆಲಸಕ್ಕೆ ಹೊಸಬ. ನಡುಗಿತು.
ನಾನು ಚೀಲದೊಳಗೆ ಹತ್ತಿ ತಡಕುತ್ತಿದ್ದೆ.
ಟಕ್.
ನಾಣ್ಯಕ್ಕಿಂತ ದಪ್ಪ, ಒಂದು ಕಡೆ ಓರೆ.
ಅಂಗೈಯಲ್ಲಿಟ್ಟು ಊದಿದರು.
ಮತ್ತೆ ಊದಿದರು, ಬಾಯಿಯ ಒಂದೇ ಪಕ್ಕದಿಂದ.
ಎಂಜಲು ಹಾರಿತು. ಬಿಲ್ಲೆ ಹಾರಲಿಲ್ಲ.

ನಗು ಮೊದಲು ಯಾರಿಗೆ ಬಂತೋ ಗೊತ್ತಿಲ್ಲ.
ಅಜ್ಜಿ ಅದನ್ನೆತ್ತಿ ಮಣ್ಣಿನ ಕುಡಿಕೆಗೆ ಹಾಕಿದರು:
‘ಇದೊಂದು ಇನ್ನಷ್ಟು ಹೊತ್ತು ಕುದಿಯಬೇಕು, ಅಷ್ಟೇ.
ಅವಸರವೇನು.’

ಇಳಿದು ಬಂದಾಗ ಬೀದಿಯಂಚಲ್ಲಿ
ಯಾರದೋ ಮನೆಯ ಕಷಾಯದ ಚರಟ ಚೆಲ್ಲಿತ್ತು.
ತುಳಿದವರು ರೋಗ ಹೊತ್ತೊಯ್ಯುತ್ತಾರಂತೆ.
ಓದಿದವಳು ನಾನು, ನಂಬುವುದಿಲ್ಲ;
ಆದರೂ ಪ್ರತಿ ಸಲ ಬಳಸಿಕೊಂಡು ಹೋಗುತ್ತೇನೆ.
ಅವತ್ತು ಹೋಗಲಿಲ್ಲ.
ಮನೆಗೆ ಬಂದು ನೋಡಿದರೆ ಚಪ್ಪಲಿಯ ಅಡಿಗೆ
ಜ್ಯೇಷ್ಠಮಧುವಿನ ನಾರು.