ತಾರೀಖು ಹೊಡೆದ ಕಾರ್ಡು

ವಾಡಿ ಜಂಕ್ಷನ್ನಿನ ಹಿಂದೆ
ಜಾಲಿಕಂಟಿ ನುಂಗಿದ ಹಳಿಯ ಮೇಲೆ
ಮೂರನೇ ದರ್ಜೆಯ ಹಳೇ ಡಬ್ಬಿ.
ತಗಡು ಬಿಚ್ಚಿದ ಮೇಲೆ ಉಳಿದದ್ದು
ಬರೀ ಸಾಗವಾನಿಯ ಹಂದರ:
ಬುಡಕ್ಕೆ ಎರಡು ಉದ್ದನೆ ತೊಲೆ, ಮಗ್ಗುಲಿಗೆ ಕಂಬ,
ನೆತ್ತಿಗೆ ಬಾಗಿದ ಕಮಾನು ಇಪ್ಪತ್ತೊಂದು.
ಇಪ್ಪತ್ತೆರಡಿರಬೇಕಿತ್ತು. ಒಂದನ್ನು ಯಾರೋ
ಯಾವುದೋ ಚಳಿಗೆ ಉರಿಸಿಬಿಟ್ಟಿದ್ದಾರೆ.

ಐತಾರಕ್ಕೊಮ್ಮೆ ಸೇರುತ್ತೇವೆ. ಕೂಲಿಯಿಲ್ಲ, ಚಹಾ ಉಂಟು.
ಸಿಮೆಂಟು ಫ್ಯಾಕ್ಟರಿಯ ಫಿಟ್ಟರು ಸೈಬಣ್ಣ
ರಾತ್ರಿಪಾಳಿ ಮುಗಿಸಿ ಕೆಂಪುಗಣ್ಣಲ್ಲೇ ಬರುತ್ತಾನೆ.
ಶಹಾಬಾದಿನ ಮೌನೇಶ ಬಡಿಗೇರ
ಉಳಿಯ ಚೀಲಕ್ಕೆ ಮೊದಲು ಬಸ್ಸಿನಲ್ಲಿ ಜಾಗ ಹಿಡಿದು
ಆಮೇಲೆ ತಾನು ನಿಂತು ಬರುವವನು.
ಪಾಲಿಟೆಕ್ನಿಕ್ಕಿನ ಶಗುಫ್ತಾ, ಅಳತೆಯಲ್ಲಿ ಕೂದಲೆಳೆ ಬಿಡುವುದಿಲ್ಲ.
ಲೋಕೋಶೆಡ್ಡಿನ ಸಂಪತ್ ಡೇನಿಯಲ್,
ಕೈಗಿಂತ ಬಾಯಿ ಮುಂದು.
ನಾನು ಮೂವತ್ತೊಂದು ವರ್ಷ
ಟಿಕೀಟಿನ ಕಿಂಡಿಯ ಒಳಗೆ ಕೂತವಳು.
ಮರದ ಕೆಲಸ ನನಗೇನು ಗೊತ್ತು?
ಲೆಕ್ಕ ಗೊತ್ತು.

ಮೊದಲ ವಾರ ಸೀಮೆಸುಣ್ಣದಲ್ಲಿ ನಂಬರು ಬರೆದೆ.
ಎತ್ತುವವರ ಬೆವರಿಗೇ ಅಳಿಸಿಹೋದವು.
ಆಗ ಮನೆಯ ಟ್ರಂಕಿನಿಂದ ತಂದೆ
ಕಂಪ್ಯೂಟರು ಬಂದ ದಿನ ಉಳಿದುಬಿಟ್ಟ
ದಪ್ಪ ರಟ್ಟಿನ ಟಿಕೀಟು.
ಒಪ್ಪಿಸಬೇಕಿತ್ತು. ಒಪ್ಪಿಸಲಿಲ್ಲ.
ತೂತು ಕೊರೆದು ಸುತಳಿ ಪೋಣಿಸಿ
ಬಿಚ್ಚಿದ ತುಂಡಿಗೊಂದು ಊರು ಕಟ್ಟಿದೆ.
ಈಗ ಡಬ್ಬಿಯ ಸುತ್ತ ಒಂದೇ ಕೂಗು:
“ಚಿತ್ತಾಪುರ ಆ ಕಡೆ ಎತ್ರೀ!”
“ಸೇಡಂ ಸೊಟ್ಟ ಆಗ್ಯಾದ, ಬಿಸಿಲಿಗಿಡಬ್ಯಾಡ್ರಿ.”
“ನಾಲವಾರದ ಮ್ಯಾಲ ಯಾರ್ ಕುಂತೀರಿ, ಏಳ್ರಿ.”
ಸಂಪತ್ತು ಏಳುತ್ತಾನೆ.

ಬಾಗಿಲ ಕಂಬ ತಾಂಡೂರು ವರಲಿಯ ಪಾಲಾಗಿತ್ತು.
ಬೆರಳು ಒತ್ತಿದರೆ ಜೋಳದ ಹಿಟ್ಟಿನಂತೆ ಉದುರಿತು.
ಹೊಸದೇ ಹಾಕೋಣ ಅಂದ ಸೈಬಣ್ಣ.
ಮೌನೇಶ ಕಲ್ಲಂಗಡಿ ಕೊಳ್ಳುವವನ ಹಾಗೆ
ಗೆಣ್ಣಿನಿಂದ ಬಡಿಯುತ್ತ ಬಡಿಯುತ್ತ ಮೇಲೆ ಹೋಗಿ
ಸದ್ದು ಬದಲಾದಲ್ಲಿ ಗೀರು ಎಳೆದ.
“ಸತ್ತಷ್ಟೇ ತಗೀಬೇಕ್ರಿ.”

ಕಸಿಗೆ ಸಿಕ್ಕದ್ದು
ಯಾದಗಿರಿಯಲ್ಲಿ ಕೆಡವಿದ ಅರಳೆ ಮಿಲ್ಲಿನ ತೊಲೆ.
ಅದರ ಸೀಳಿನೊಳಗೆ ಇನ್ನೂ ಹತ್ತಿಯ ಎಳೆ.
ಶಗುಫ್ತಾ ತಲೆಪಿನ್ನಿನಿಂದ ಕೆದಕಿ ತೆಗೆದಳು,
ಕೊನೆಯ ಒಂದಿಷ್ಟು ಯಾಕೋ ಹಾಗೇ ಬಿಟ್ಟಳು.

ಕುರಿ ಹೊಡೆದುಕೊಂಡು ಬಂದ ಹುಡುಗ ಕೇಳಿದ:
“ಇದು ಎಲ್ಲಿಗಿ ಹೋಗ್ತದ್ರಿ?”
ಸಂಪತ್ತು ಕೇಳಿದವರಿಗೆಲ್ಲ ಒಂದೊಂದು ಊರು ಹೇಳುತ್ತಾನೆ.
ಅವನು ಬಾಯಿ ತೆರೆಯುವ ಮೊದಲೇ ನಾನಂದೆ:
“ಎಲ್ಲಿಗೂ ಇಲ್ಲಪ್ಪ.”
ಕಿಂಡಿಯಲ್ಲಿ ಕೂತಷ್ಟು ವರ್ಷ
ಯಾರಿಗೂ ಕೊಡದ ಉತ್ತರ.
ಹುಡುಗ ಕಂಬ ಸವರಿ ನೋಡಿದ.
“ಮತ್ತ ಇಷ್ಟ್ಯಾಕ ನುಣ್ಣಗ ಮಾಡ್ಲಕತ್ತೀರಿ?”
ಯಾರೂ ಏನೂ ಹೇಳಲಿಲ್ಲ.
ರಂಧ ಹೊಡೆಯುವ ಸದ್ದು ಮಾತ್ರ ಇತ್ತು.

ತೊಲೆಯಿಂದ ಕಂಬದ ಬುಡ ಕಿತ್ತಾಗ
ಕುಳಿಯ ಒಳಗೋಡೆಯಲ್ಲಿ,
ಮರಕ್ಕೆ ಮರ ಕೂತರೆ ಯಾರಿಗೂ ಕಾಣದ ಜಾಗದಲ್ಲಿ,
ಉಳಿಯ ಮೂರು ಸಣ್ಣ ಕಚ್ಚು, ಪಕ್ಕಕ್ಕೊಂದು ಓರೆ.
ಮೌನೇಶ ಮಂಡಿಯೂರಿ ಬಹಳ ಹೊತ್ತು ನೋಡಿದ.
“ನಮ್ಮಪ್ಪ ಹಿಂಗೇ ಹೊಡೀತಿದ್ದ.”
ಬೀಡಿ ಹಚ್ಚಿ, ಮತ್ತೆ:
“ಎಲ್ಲಾ ಬಡಿಗೇರು ಹಿಂಗೇ ಹೊಡೀತಾರ ಬಿಡ್ರಿ.”

ಕಸಿಯ ತುಂಡಿಗೆ ಕಟ್ಟಲು
ನನ್ನ ಹತ್ತಿರ ಊರು ಉಳಿದಿರಲಿಲ್ಲ.
ಖಾಲಿ ಕಾರ್ಡು ಒಂದಿತ್ತು.
“ಎಲ್ಲಿಗಂತ ಬರೀಲೋ ಮೌನೇಶ?”
“ಬರೀಬ್ಯಾಡ್ರಿ. ತಾರೀಖು ಹೊಡೀರಿ, ಸಾಕು.”
ಗುಜರಿಯಲ್ಲಿ ತೂಕಕ್ಕೆ ಕೊಂಡ ಯಂತ್ರ,
ವರ್ಷದ ಗಾಲಿ ತೊಂಬತ್ತರಲ್ಲೇ ಸಿಕ್ಕಿಕೊಂಡಿದೆ.
ದಿನ ಸರಿ, ತಿಂಗಳು ಸರಿ.
ಠಕ್.
“ನಡೀತದ,” ಅಂದ.

ಕಾರ್ಡನ್ನು ಕುಳಿಯಲ್ಲಿಟ್ಟು, ಮೇಲೆ ಕಂಬ ಇಳಿಸಿ,
ಕೊಡತಿಯ ನಾಲ್ಕು ಏಟಿಗೆ ಬೆಣೆ ಕೂತಿತು.
ಎಕ್ಸ್‌ಪ್ರೆಸ್ಸೊಂದು ನಿಲ್ಲದೆ ದಾಟಿತು.
ಅದರ ಅದುರಿಗೆ ನಮ್ಮ ಕಮಾನುಗಳೂ
ಸಣ್ಣಗೆ ಅಲುಗಿ, ನಿಂತವು.

ಆ ಕಡೆಯಿಂದ ಸೈಬಣ್ಣನ ದನಿ:
“ಮೇಡಂ, ಮಳಖೇಡ ಎಲ್ಲಿ ಇಟ್ಟೀರಿ?”