ಐವತ್ತರ ಊರಲ್ಲಿ

ಶಕ್ತಿನಗರದ ಕಂಟ್ರೋಲ್ ರೂಮಿನಲ್ಲಿ
ಇಪ್ಪತ್ತೊಂಬತ್ತು ವರ್ಷ ನಾನು ಕಾದದ್ದು ಒಂದೇ ಮುಳ್ಳು.
ಐವತ್ತು.
ಸಂಜೆ ಪಂಪ್‌ಸೆಟ್ಟು, ಟಿವಿ, ಬೀದಿದೀಪ ಒಟ್ಟಿಗೆ ಎದ್ದರೆ
ನಲವತ್ತೊಂಬತ್ತಕ್ಕೆ ಜಾರುವುದು,
ಬೆಂಗಳೂರಿನಿಂದ ಫೋನು ಬೊಗಳುವುದು,
ಜ್ವರದ ಕೂಸಿನ ಹಣೆ ಮುಟ್ಟಿದಂತೆ ನಾನು
ಗಾಜಿನ ಮೇಲೆ ಬೆರಳಿಟ್ಟು ಕೂರುವುದು.

ರಿಟೈರಾದ ಮರುವರ್ಷ
ಗಂಜಿನ ಹಿಂದಿನ ಗುಜರಿಯಲ್ಲಿ
ಕಿಲೋಗೆ ನಲವತ್ತರಂತೆ ಸಿಕ್ಕಿತು
ಅಮೆರಿಕದ ಹಳೇ ಕಂಪ್ಯೂಟರು.
ಧೂಳೊರೆಸಿ ಬೆನ್ನಿನ ತಗಡು ಓದಿದೆ:
ನೂರಾಹದಿನೈದು ವೋಲ್ಟು, ಅರವತ್ತು ಸೈಕಲ್ಲು.
ಎಲಾ ಇವನ,
ಇಷ್ಟು ದೊಡ್ಡ ರಾಯಚೂರಲ್ಲಿ
ಐವತ್ತರ ಕಾವಲುಗಾರನ ಮನೆಗೇ ಬಂದೆಯಲ್ಲೋ!

ವೋಲ್ಟೇಜು ಹೇಳಿದ ಮಾತು ಕೇಳುತ್ತದೆ,
ಟ್ರಾನ್ಸ್‌ಫಾರ್ಮರ್ ತಂದಿಟ್ಟರೆ ಅರ್ಧಕ್ಕಿಳಿಯಿತು.
ಸೈಕಲ್ಲು ಹಾಗಲ್ಲ. ಅದು ದೇಶದ ಟರ್ಬೈನುಗಳೆಲ್ಲ
ಒಟ್ಟಿಗೆ ಹಾಕುವ ಹೆಜ್ಜೆ,
ನನ್ನೊಬ್ಬನ ಮೇಜಿಗೆಂದು ಬಿರುಸಾಗುವುದಿಲ್ಲ.
ಚಪಾತಿಯಗಲದ ಫ್ಲಾಪಿ
ನಿಮಿಷಕ್ಕೆ ಮುನ್ನೂರರವತ್ತು ಸುತ್ತಬೇಕಾದ್ದು
ಮುನ್ನೂರಕ್ಕೇ ನಿಂತು
ಓದಲಾರೆ ಎಂದಿತು, ಹಸಿರಕ್ಷರದಲ್ಲಿ.

ತೀನ್ ಕಂದೀಲ್ ಹತ್ತಿರ ಜಿಲಾನಿಯ ಲೇತು,
ಹತ್ತಿ ಮಿಲ್ಲಿನ ರೋಲರುಗಳಿಗೆ ಪಳಗಿದ ಕೈ.
ಮೋಟಾರಿನ ಪುಲ್ಲಿ ಅವನ ಅಂಗೈಯಲ್ಲಿಟ್ಟೆ.
“ಐವತ್ತು ಮಿಲಿ ಅದ. ಅರವತ್ತು ಮಾಡಿಕೊಡು.”
“ಹತ್ತು ಮಿಲಿ ಎಲ್ಲಿಂದ ಹಚ್ಚಲಿ ಸಾಹೇಬ್ರ?
ಕಡಿಯೂದು ಗೊತ್ತು ಲೇತಿಗೆ, ಬೆಳಸೂದು ಗೊತ್ತಿಲ್ಲ.”
ಹೊಸ ಅಲ್ಯುಮಿನಿಯಂ ಗುಂಡು ಕಚ್ಚಿಸಿದ,
ಬಿಳಿ ಗುಂಗುರು ಕಾಲ ಬಳಿ ಸುರಿಯತೊಡಗಿತು,
ಕರೆಂಟು ಹೋಯಿತು.
ಚಹಾ ತರಿಸಿದ. “ನೀವಿದ್ದಾಗ ಹಿಂಗ ಹೋಗತಿದ್ದಿಲ್ಲ.”
ಸುಳ್ಳು. ಆಗಲೂ ಹೋಗುತ್ತಿತ್ತು.

ಈಗ ಫ್ಲಾಪಿ ಸರಿಯಾಗಿ ಸುತ್ತುತ್ತದೆ.
ಮೊದಲು ಓದಿದ್ದು ಯಾರದೋ ಗೋದಾಮಿನ ಪಟ್ಟಿ:
ಹಗ್ಗ, ಬೂಟು, ಬಣ್ಣದ ಡಬ್ಬ ಹನ್ನೆರಡು.
ಗಡಿಯಾರ ಮಾತ್ರ ತಂತಿಯ ಅಲೆಗಳನ್ನೇ ಎಣಿಸುತ್ತದೆ,
ಅರವತ್ತಾದರೆ ಒಂದು ಸೆಕೆಂಡು.
ಅದಕ್ಕೆ ಪುಲ್ಲಿ ಇಲ್ಲ.
ಬೆಳಿಗ್ಗೆ ಆರಕ್ಕೆ ಹೊಂದಿಸಿದರೆ
ನಮ್ಮ ಹನ್ನೆರಡು ಅದಕ್ಕೆ ಹನ್ನೊಂದು.
ಸರ್ಕ್ಯೂಟು ಬದಲಿಸಬಹುದು. ಬದಲಿಸಿಲ್ಲ.

ಸೂಗಮ್ಮ ಊಟಕ್ಕೆ ಕರೆಯುತ್ತಾಳೆ.
“ಇನ್ನೂ ಹನ್ನೊಂದು.”
“ಯಾವೂರಾಗ?”
ಎದ್ದು ಕೈ ತೊಳೆಯುತ್ತೇನೆ.
ಹಿಂದೆ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತಲೇ ಇದೆ,
ಮೀಟರು ಬೇಡ, ಕಿವಿಗೆ ಗೊತ್ತಾಗುತ್ತದೆ:
ಐವತ್ತು,
ಇವತ್ತು ಕೂದಲೆಳೆಯಷ್ಟು ಕಡಿಮೆ.